ಅಟ್ಟದ ಮೇಲಿನ ಎಕ್ಸ್‌ರೇ

ಮಂಡ್ಯ ಸೀಮೆಯ ಮನೆಗಳಲ್ಲಿ ಎಕ್ಸ್‌ರೇ ಫಿಲ್ಮಿಗೆ ಎರಡೇ ಜಾಗ. ಒಂದು ಅಟ್ಟದ ಮೇಲೋ ಬೀರುವಿನ ನೆತ್ತಿಯ ಮೇಲೋ ದೂಳು ಹಿಡಿದ ಕವರು, ಇನ್ನೊಂದು ಗ್ರಹಣದ ದಿನ ಮಕ್ಕಳ ಕೈ. ಅದರಲ್ಲಿ ಸೂರ್ಯನನ್ನು ನೋಡುವುದು ಕಣ್ಣಿಗೆ ಕೇಡು ಎಂದು ಎಷ್ಟು ಸಲ ಹೇಳಿದರೂ ಗ್ರಹಣ ಬಂತೆಂದರೆ ಫಿಲ್ಮು ಅಟ್ಟದಿಂದ ಇಳಿಯುತ್ತದೆ. ಇಳಿಯಬೇಕಾದ ದಿನ ಮಾತ್ರ ಇಳಿಯುವುದಿಲ್ಲ. ಎರಡು ವರ್ಷದ ಹಿಂದೆ ಮಗನಿಗೆ ನ್ಯುಮೋನಿಯಾ ಆದಾಗ ತೆಗೆಸಿದ ಎದೆಯ ಚಿತ್ರ ಅದು. ಈಗ ಅದೇ ಮಗನಿಗೆ ಮತ್ತೆ ಕೆಮ್ಮು, ಮತ್ತೆ ಜ್ವರ. ಹೊಸ ಡಾಕ್ಟರು, ಹೊಸ ಎಕ್ಸ್‌ರೇ. ಹಳೆಯದು ಅಟ್ಟದಲ್ಲೇ ಉಳಿಯುತ್ತದೆ. ಶ್ವಾಸಕೋಶದ ತಜ್ಞರ ಮುಂದೆ ಹೋಗಿ ಕೂತಾಗ ಅವರು ಮೊದಲು ಕೇಳುವುದು ಅದನ್ನೇ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಕೆ.ಆರ್. ಪೇಟೆ ಕಡೆಯ ಹಳ್ಳಿ, ಹತ್ತನೇ ಕ್ಲಾಸಿನ ಹುಡುಗ. ಶ್ರಾವಣದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಟ್ಟಿಲ್ಲ. ಮೊದಲು ಮೆಡಿಕಲ್ ಸ್ಟೋರಿನ ಸಿರಪ್ಪು. ಆಮೇಲೆ ಸಂತೆ ಊರಿನ ಕ್ಲಿನಿಕ್ಕು. ‘ಒಂದ್ ಸೂಜಿ ಹಾಕ್ಬುಡಿ ಸಾ, ಪರೀಕ್ಷೆ ಹತ್ರ ಬಂದದೆ’ ಎಂದು ಅಪ್ಪನೇ ಕೇಳಿ ಹಾಕಿಸುತ್ತಾನೆ. ಐದು ದಿನದ ಮಾತ್ರೆಗೆ ಹತ್ತು ದಿನ ಆರಾಮ, ಮತ್ತೆ ಗೊರಗೊರ. ‘ಅವನದು ಮೊದಲಿಂದ್ಲೂ ಶೀತದ ಮೈ ಕಣವ್ವ’ ಎಂದು ಅಜ್ಜಿ ಮೊಸರು, ಬಾಳೆಹಣ್ಣು ಬಿಡಿಸುತ್ತಾರೆ. ಮೂರನೇ ಸಲಕ್ಕೆ ಬೇರೆ ಡಾಕ್ಟರು, ನಾಲ್ಕನೆಯದಕ್ಕೆ ಬೇರೆ ಊರು. ಇದು ಯಾರೋ ಒಬ್ಬರ ಮನೆಯ ಕತೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಓದುಗರಲ್ಲಿ ಹಲವರು ತಮ್ಮ ಬೀದಿಯಲ್ಲೇ ಇಂಥದೊಂದನ್ನು ಕಂಡಿರುತ್ತಾರೆ. ಇಷ್ಟೂ ಓಡಾಟದಲ್ಲಿ ಔಷಧಿ ಬಗೆಬಗೆಯದು ಬಂತು. ‘ಇದು ಯಾಕೆ ಮರಳಿ ಮರಳಿ ಬರುತ್ತಿದೆ?’ ಎಂದು ಒಬ್ಬರೂ ಕೇಳಲಿಲ್ಲ. ತಜ್ಞರ ಚಿಕಿತ್ಸೆ ಎಂದು ನಾವು ಕರೆಯುವುದು ಬಹುಪಾಲು ಆ ಒಂದು ಪ್ರಶ್ನೆಯನ್ನೇ.

ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ತಡವಾಗಿ ಬರುತ್ತಾರೆ ಎಂಬ ದೂರು ಆಸ್ಪತ್ರೆಗಳಲ್ಲಿ ಹಳೆಯದು. ಅದನ್ನು ಅರವತ್ತು ವರ್ಷದ ಹಿಂದೆಯೇ ಸುಳ್ಳು ಮಾಡಿದ ಅಧ್ಯಯನವೊಂದು ನಾಗಮಂಗಲದ ಪಕ್ಕದ ಜಿಲ್ಲೆಯಲ್ಲೇ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿತು, ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿದರು. ಅವರ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಿತ್ತು. ಅರ್ಧಕ್ಕೂ ಮಿಕ್ಕವರು ಯಾರೂ ಕಳಿಸದೆ ತಾವಾಗಿಯೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ದೊಡ್ಡೂರಿನ ವಿಶೇಷ ಆಸ್ಪತ್ರೆಗಳನ್ನಷ್ಟೇ ನಂಬದೆ ಹಳ್ಳಿಯ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ನಡೆಯಬೇಕೆಂದು ತೀರ್ಮಾನಿಸಿದ್ದರ ಹಿಂದೆ ಈ ಕೆಲಸವಿತ್ತು. ಆ ಬಾಟಲಿ ಮಾತ್ರ ಇನ್ನೂ ಖಾಲಿಯಾಗಿಲ್ಲ.

ಈಗಿನ ನಿಯಮ ಸರಳ. ಎರಡು ವಾರ ದಾಟಿದ ಕೆಮ್ಮು, ಎರಡು ವಾರ ಬಿಡದ ಜ್ವರ, ಇಳಿಯುವ ತೂಕ, ಮನೆಯಲ್ಲಿ ಯಾರಿಗಾದರೂ ಕ್ಷಯ – ಇದರಲ್ಲಿ ಒಂದಿದ್ದರೂ ಕಫ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಸೂಕ್ಷ್ಮದರ್ಶಕದ ಜೊತೆಗೆ ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಎಂಬ ಯಂತ್ರಗಳಿವೆ. ರೋಗಾಣು ಇದೆಯೇ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬೆರಡನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಟ್ರೂನ್ಯಾಟಿನ ಬೇರು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿದೆ. ಬ್ಯಾಟರಿಯಲ್ಲೂ ನಡೆಯುವಂತೆ ಮಾಡಿದ್ದರಿಂದ ಕರೆಂಟು ಕೈಕೊಡುವ ಊರಿನಲ್ಲೂ ಅದು ಕೆಲಸ ಮಾಡುತ್ತದೆ.

ಯಂತ್ರ ಎಷ್ಟೇ ಚುರುಕಾದರೂ ಡಬ್ಬಿಯಲ್ಲಿ ಬರೀ ಎಂಜಲು ಕೊಟ್ಟರೆ ಅದೇನು ಮಾಡೀತು? ಹರೆಯದವರಲ್ಲಿ ತೊಡಕು ಶುರುವಾಗುವುದೇ ಇಲ್ಲಿ. ನಾಲ್ಕು ಜನರ ಎದುರು ಉಗುಳಲು ನಾಚಿ ಹುಡುಗಿಯರು ಕಫ ನುಂಗಿಬಿಡುತ್ತಾರೆ. ಬೆಳಗ್ಗೆ ಎದ್ದು, ಏನೂ ತಿನ್ನದೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವ ಕಡೆ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯೊಳಗಿಂದ ಕೆಮ್ಮಿ ತೆಗೆದದ್ದು ಬೇಕು. ಅದೂ ಆಗದಿದ್ದರೆ ಉಪ್ಪುನೀರಿನ ಹಬೆ ಕೊಟ್ಟು ಕಫ ತೆಗೆಸುವ ದಾರಿಯಿದೆ, ದೊಡ್ಡಾಸ್ಪತ್ರೆಯಲ್ಲಿ. ‘ಕಫ ಬರ್ತಿಲ್ಲ’ ಎಂಬ ಒಂದು ಮಾತಿಗೆ ಪರೀಕ್ಷೆಯನ್ನೇ ಕೈಬಿಡುವುದು ತಪ್ಪು.

ಇನ್ನೊಂದು ತೊಡಕು ನಮ್ಮ ‘ಸೂಜಿ’ಯದೇ. ಲಿವೋಫ್ಲಾಕ್ಸಾಸಿನ್ ಜಾತಿಯ ಆಂಟಿಬಯಾಟಿಕ್ ಕ್ಷಯದ ರೋಗಾಣುವನ್ನು ಪೂರ್ತಿ ಕೊಲ್ಲದೆ ಮಂಕು ಮಾಡುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ನು ಜ್ವರ, ಉಬ್ಬಸವನ್ನು ಕೆಲದಿನ ಅಡಗಿಸುತ್ತದೆ. ಹುಡುಗ ಗೆಲುವಾದ ಎಂದು ಮನೆಯವರಿಗೆ ಸಮಾಧಾನ, ಪರೀಕ್ಷೆಯಲ್ಲಿ ರೋಗಾಣು ಸಿಗುವುದೂ ಕಷ್ಟ. ಒಳಗೆ ಅದು ತನ್ನ ಪಾಡಿಗೆ ಶ್ವಾಸಕೋಶ ತಿನ್ನುತ್ತಿರುತ್ತದೆ.

ಕ್ಷಯ ಎಂದು ಗೊತ್ತಾದರೆ ಮುಂದಿನ ದಾರಿ ಸ್ಪಷ್ಟ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು, ಎಲ್ಲವೂ ತೂಕಕ್ಕೆ ತಕ್ಕಂತೆ, ದಿನಾ. ಪೋಷಣೆಗೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ ₹500 ಬ್ಯಾಂಕ್ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ₹1,000 ಆಗಿದೆ. ಮೊಟ್ಟೆ, ಕಡಲೆ, ಹಾಲು ಎಂದು ಬರೆದುಕೊಡುವುದು ಸುಲಭ, ಡೇರಿಗೆ ಹಾಲು ಹಾಕುವ ಮನೆಯಲ್ಲಿ ಮಗುವಿಗೆ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು.

ಈ ಸೀಮೆಯ ಜನಕ್ಕೆ ‘ಟಿ.ಬಿ. ಆಸ್ಪತ್ರೆ’ ಎಂದರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಆ ‘ಪಿ.ಕೆ.’ ಯಾರು ಎಂದು ಬಸ್ಸಿನಲ್ಲಿ ಕೇಳಿ ನೋಡಿ, ಹೇಳುವವರು ಕಡಿಮೆ. ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಕ್ಷಯ ಅರಮನೆಯ ಹೊಸ್ತಿಲನ್ನೂ ದಾಟಿತ್ತು, ಅವರನ್ನು ಕೊಂಡೊಯ್ದಿತ್ತು. ಅವರ ನೆನಪಿಗೆ 1921ರಲ್ಲಿ ಈ ಆರೋಗ್ಯಧಾಮ ತೆರೆಯಿತು. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡದ್ದು 1943ರಲ್ಲಿ. ಅಂದರೆ ಮೊದಲ ಇಪ್ಪತ್ತು ಚಿಲ್ಲರೆ ವರ್ಷ ಅಲ್ಲಿ ಚಿಕಿತ್ಸೆ ಎಂದರೆ ಒಳ್ಳೆ ಗಾಳಿ, ಬಿಸಿಲು, ಹಾಲು, ಮೊಟ್ಟೆ ಮತ್ತು ಮಲಗಿರುವುದು. 1950ರ ದಶಕದ ಕೊನೆಗೆ ಮದರಾಸಿನ ಪ್ರಯೋಗವೊಂದು ಮಾತ್ರೆ ಸರಿಯಾಗಿ ನುಂಗಿದರೆ ಮನೆಯಲ್ಲಿದ್ದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣವಾಗುತ್ತಾರೆ ಎಂದು ತೋರಿಸಿಕೊಟ್ಟಿತು. ಆಗಿನಿಂದ ಊರಾಚೆಯ ಈ ಆಸ್ಪತ್ರೆಗಳ ಪಾತ್ರ ಬದಲಾಯಿತು. ಜನರ ಮನಸ್ಸಿನಲ್ಲಿ ಮಾತ್ರ ‘ಅಲ್ಲಿಗೆ ಕಳಿಸಿದರು’ ಎಂದರೆ ಈಗಲೂ ಒಂದು ನಡುಕ.

ಕಫದಲ್ಲಿ ಕ್ಷಯ ಇಲ್ಲ ಎಂದು ಬಂದರೆ? ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅಲ್ಲಿಗೆ ಹುಡುಕಾಟ ನಿಂತುಹೋಗುತ್ತದೆ. ನಿಜಕ್ಕೆ ಹುಡುಕಾಟ ಶುರುವಾಗಬೇಕಾದದ್ದೇ ಆಗ. ಅಟ್ಟದ ಮೇಲಿನ ಆ ಫಿಲ್ಮಿಗೆ ಬೆಲೆ ಬರುವುದೂ ಆಗಲೇ. ತಜ್ಞರು ಹಳೆಯದು, ಹೊಸದು ಎರಡನ್ನೂ ಬೆಳಕಿಗೆ ಹಿಡಿದು ನೋಡುವುದು ಒಂದೇ ವಿಷಯ: ಬಿಳಿ ಮಚ್ಚೆ ಎರಡು ಸಲವೂ ಅದೇ ಜಾಗದಲ್ಲಿದೆಯೇ, ಇಲ್ಲಾ ಒಂದೊಂದು ಸಲ ಒಂದೊಂದು ಕಡೆಯೇ? ಅದೇ ಜಾಗವಾದರೆ ಅಲ್ಲೇನೋ ಅಡ್ಡ ಕೂತಿದೆ. ಬೇರೆ ಬೇರೆ ಕಡೆಯಾದರೆ ದೋಷ ಇಡೀ ಮೈಯ ಕಾವಲಿನದು. ಎರಡು ದಾರಿಯ ಪರೀಕ್ಷೆಗಳೂ ಬೇರೆ. ಹಳೆಯ ಫಿಲ್ಮಿಲ್ಲದಿದ್ದರೆ ಇದನ್ನು ತೀರ್ಮಾನಿಸಲು ಇನ್ನೊಂದು ಸಲ ಮಗು ಕಾಯಿಲೆ ಬೀಳಬೇಕು.

ಅಡ್ಡ ಕೂರುವುದು ಏನೆಂದರೆ ನಂಬುವುದು ಕಷ್ಟ. ಕಡಲೆಕಾಯಿ ಬೀಜ, ಹುಣಸೆ ಬೀಜ, ಪೆನ್ನಿನ ಮುಚ್ಚಳ, ಪೀಪಿಯ ತುಂಡು. ಚಿಕ್ಕಂದಿನಲ್ಲಿ ಆಡುತ್ತಾ ನಗುತ್ತಾ ಉಸಿರುನಾಳಕ್ಕೆ ಜಾರಿದ್ದು, ಒಂದು ದಿನ ಕೆಮ್ಮಿ ಸುಮ್ಮನಾದದ್ದು, ವರ್ಷಗಳ ನಂತರ ‘ಬಿಡದ ನ್ಯುಮೋನಿಯಾ’ ಆಗಿ ತಲೆ ಎತ್ತಬಹುದು. ಪ್ಲಾಸ್ಟಿಕ್ಕು, ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನು, ಬಳಿಕ ಮೂಗು ಬಾಯಿಯಿಂದ ನಳಿಕೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಬೇಕು. ಬೀಜ ತೆಗೆದ ಮೇಲೆ ವರ್ಷಗಟ್ಟಲೆ ಕಾಡಿದ್ದ ಕೆಮ್ಮು ಒಂದು ವಾರದಲ್ಲಿ ನಿಂತುಹೋಗುವುದುಂಟು.

ಕುರಿ ಸಾಕುವ ಮನೆಗಳಲ್ಲಿ ಕೇಳಬೇಕಾದ ಇನ್ನೊಂದಿದೆ. ಕುರಿಯ ಒಳಗಿನ ಗುಳ್ಳೆಗಟ್ಟಿದ ಅಂಗವನ್ನು ನಾಯಿಗೆ ಎಸೆದರೆ, ನಾಯಿಯ ಹೊಟ್ಟೆಯಲ್ಲಿ ಒಂದು ಸಣ್ಣ ಹುಳು ಬೆಳೆಯುತ್ತದೆ. ಅದರ ಮೊಟ್ಟೆ ಮಣ್ಣು, ಸೊಪ್ಪು, ಕೈಗಳ ಮೂಲಕ ಮಕ್ಕಳ ಹೊಟ್ಟೆ ಸೇರಿ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ಕೂರುತ್ತದೆ. ಇದಕ್ಕೆ ಹೈಡಾಟಿಡ್ ಗುಳ್ಳೆ ಎನ್ನುತ್ತಾರೆ. ಚಿತ್ರದಲ್ಲಿ ನಿಂಬೆಹಣ್ಣಿನಂತೆ ದುಂಡಗೆ ಕಾಣುವ ಇದನ್ನು ಸೂಜಿ ಚುಚ್ಚಿ ನೋಡುವ ಆತುರ ಕೂಡದು, ಒಡೆದರೆ ಜೀವಕ್ಕೆ ಅಪಾಯ. ಇದು ಎದೆಯ ಶಸ್ತ್ರವೈದ್ಯರ ಕೆಲಸ.

ಮೈಯ ಕಾವಲು ಕೆಟ್ಟಿರುವ ಬಗೆಗಳನ್ನು ಹೇಳುವಾಗ ಒಂದು ಸೂಕ್ಷ್ಮ ವಿಷಯ ಎತ್ತಲೇಬೇಕು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸತಲ್ಲ. ಆಸ್ತಿ, ನೆಂಟಸ್ತಿಕೆ ಎರಡೂ ಉಳಿಯುತ್ತವೆ ಎಂಬುದು ಹಿರಿಯರ ಲೆಕ್ಕ. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಇದ್ದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಆ ಲೆಕ್ಕ ಅನುಕೂಲ ಮಾಡಿಕೊಡುತ್ತದೆ. ಹುಟ್ಟಿನಿಂದ ಬಂದ ಕೆಲವು ರೋಗನಿರೋಧಕ ಕೊರತೆಗಳು, ಸಿಸ್ಟಿಕ್ ಫೈಬ್ರೋಸಿಸ್, ಉಸಿರುನಾಳದ ಸೂಕ್ಷ್ಮ ರೋಮಗಳು ಅಲುಗಾಡದ ಸಿಲಿಯಾ ದೋಷ ಇಂಥವು. ಈ ಕೊನೆಯದರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ ಇರುತ್ತದೆ. ಎಕ್ಸ್‌ರೇ ತೆಗೆದವರು ಫಿಲ್ಮು ತಿರುಗುಮುರುಗಾಯಿತೆಂದು ತಿಳಿದು ಸರಿಮಾಡಿ ಗುರುತು ಹಾಕಿಬಿಟ್ಟರೆ ಕೈಗೆ ಸಿಕ್ಕ ಸುಳಿವೇ ಹೋಯಿತು! ಹುಟ್ಟಿದಾಗಿನಿಂದ ಮೂಗು ಸೋರುತ್ತಿತ್ತೇ, ಕಿವಿ ಸೋರುತ್ತದೆಯೇ, ತಂದೆ ತಾಯಿ ಸಂಬಂಧಿಕರೇ, ಹಿಂದೊಂದು ಮಗು ತೀರಿಕೊಂಡಿತ್ತೇ – ಡಾಕ್ಟರು ಇದನ್ನೆಲ್ಲ ಕೇಳಿದಾಗ ಮರೆಮಾಚಬಾರದು. ಅವರು ಸೊಸೆಯ ತಪ್ಪು ಹುಡುಕುತ್ತಿಲ್ಲ.

ಕಾರಣ ಯಾವುದೇ ಇರಲಿ, ಸೋಂಕು ಬಹಳ ಕಾಲ ನಿಂತರೆ ಉಸಿರುನಾಳ ಹಿಗ್ಗಿ ಸಡಿಲವಾಗುತ್ತದೆ. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎಂದು ಹೆಸರು. ವಿ.ಸಿ. ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿ ಕುಸಿದು ಅಗಲವಾದ ಕಾಲುವೆಯಲ್ಲಿ ನೀರು ಓಡುವುದಿಲ್ಲ, ನಿಲ್ಲುತ್ತದೆ. ನಿಂತಲ್ಲಿ ಹೂಳು, ಹೂಳಿನ ಮೇಲೆ ಜೊಂಡು, ಜೊಂಡಿನಿಂದ ಇನ್ನಷ್ಟು ಹೂಳು. ಎದೆಯಲ್ಲಿ ಹೂಳಿನ ಜಾಗದಲ್ಲಿ ಕಫ, ಜೊಂಡಿನ ಜಾಗದಲ್ಲಿ ರೋಗಾಣು. ಮಾತ್ರೆ ಜೊಂಡು ಕೊಯ್ಯುತ್ತದೆ, ಹೂಳು ಹಾಗೇ ಇರುತ್ತದೆ. ಆದ್ದರಿಂದ ದಿನಾ ಎರಡು ಹೊತ್ತು ಹೂಳೆತ್ತಬೇಕು. ಕನ್ನಡಿಗೆ ಹಬೆ ಹಿಡಿಸುವಂತೆ ಬಾಯಿ ತೆರೆದು ‘ಹಾ’ ಎಂದು ಉಸಿರು ದೂಡುವುದು, ಕೆಟ್ಟ ಭಾಗ ಮೇಲೆ ಬರುವಂತೆ ಮಲಗಿ ಕಫ ಇಳಿಸುವುದು, ಓಟ, ಆಟ. ಇದನ್ನು ಕಲಿಸುವವರು ಫಿಸಿಯೋಥೆರಪಿಸ್ಟರು. ಜ್ವರ ಬಂದಾಗ ಕಫವನ್ನು ಕಲ್ಚರಿಗೆ ಕಳಿಸಿ, ಸಿಕ್ಕ ರೋಗಾಣುವಿಗೆ ತಕ್ಕ ಆಂಟಿಬಯಾಟಿಕ್ಕನ್ನು ಐದು ದಿನಕ್ಕೆ ನಿಲ್ಲಿಸದೆ ಎರಡು ವಾರದಷ್ಟು ಕೊಡುತ್ತಾರೆ. ಜೊತೆಗೆ ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ. ನ್ಯುಮೊಕಾಕಲ್ ಲಸಿಕೆ ಸರ್ಕಾರದ ಪಟ್ಟಿಗೆ ದೇಶದಾದ್ಯಂತ ಬಂದದ್ದೇ 2021ರಲ್ಲಿ, ಹಾಗಾಗಿ ಈಗಿನ ಹೈಸ್ಕೂಲು ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿಲ್ಲ.

ಸೋಂಕೆಂದು ವರ್ಷಗಟ್ಟಲೆ ಮಾತ್ರೆ ತಿಂದ ಕೆಲವರದು ಬರೀ ಆಸ್ತಮಾ ಆಗಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಕೊಡುವ ಇನ್ಹೇಲರ್ ಬಗ್ಗೆ ‘ಪಂಪು ಅಭ್ಯಾಸ ಆಗೋಗ್ತದೆ’ ಎಂಬ ಹೆದರಿಕೆಗೆ ಆಧಾರವಿಲ್ಲ. ಹೊಟ್ಟೆಗೆ ನುಂಗುವ ಸ್ಟೀರಾಯ್ಡಿಗಿಂತ ಎಳೆದುಕೊಳ್ಳುವ ಪ್ರಮಾಣ ಎಷ್ಟೋ ಪಾಲು ಕಡಿಮೆ.

ಇನ್ನು ಎಲ್ಲಿಗೆ ಹೋಗುವುದು? ನಕ್ಷೆಯಲ್ಲಿ ಮೇಲೆ ಹೇಳಿದ ನಾಲ್ಕೂ ತಾಲ್ಲೂಕು ಮಂಡ್ಯ ಜಿಲ್ಲೆಗೆ ಸೇರಿದವು, ಜಿಲ್ಲಾ ಕೇಂದ್ರದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ಜನರ ಕಾಲು ಬೇರೆ ದಿಕ್ಕು ನೋಡುತ್ತದೆ. ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರಿನ ಆಸುಪಾಸು, ಮಂಡ್ಯ ಅದರ ಎರಡರಷ್ಟು. ಜೇವರ್ಗಿಯಿಂದ ಬರುವ ಹೆದ್ದಾರಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಪೋಣಿಸಿಕೊಂಡು ಮೈಸೂರಿಗೇ ಇಳಿಯುತ್ತದೆ. ಕೆ.ಆರ್. ಪೇಟೆಯವರೂ ಚಿನಕುರಳಿ, ಪಾಂಡವಪುರದ ಮೇಲೆ ಅದೇ ದಾರಿ ಹಿಡಿಯುತ್ತಾರೆ. ನಾಗಮಂಗಲದ ಉತ್ತರದ ಹೋಬಳಿಗಳಿಗೆ ಹತ್ತಿರದ್ದು ಬೆಳ್ಳೂರು ಬಳಿಯ ಬಿ.ಜಿ. ನಗರ. 1986ರಲ್ಲಿ ಆದಿಚುಂಚನಗಿರಿ ಮಠ ಅಲ್ಲಿ ಶುರುಮಾಡಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಅದರ ಪಕ್ಕದ ಚೆಲುವಾಂಬ, ಪಿ.ಕೆ.ಟಿ.ಬಿ., ಜೆ.ಎಸ್.ಎಸ್. ಇವೆ. ಅಲ್ಲಿಂದಲೂ ಮುಂದೆ ಕಳಿಸಿದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಎರಡೂ ನಿಮ್ಹಾನ್ಸ್ ಹತ್ತಿರ. ಹುಟ್ಟಿನಿಂದ ಬಂದ ಅಪರೂಪದ ಕಾಯಿಲೆಯೆಂದು ಖಚಿತವಾದರೆ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಪಟ್ಟಿಯಲ್ಲಿರುವ ಕಾಯಿಲೆಗೆ ₹50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ.

ಹೋಗುವ ಮುನ್ನ ಚೀಟಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ ₹1.5 ಲಕ್ಷ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರ್ ಚೀಟಿ ಬೇಕು. ಮೊದಲು ದುಡ್ಡು ಕಟ್ಟಿ ಸೇರಿಸಿ, ಆಮೇಲೆ ಚೀಟಿ ತರುತ್ತೇನೆ ಎಂದು ಓಡಾಡುವವರ ಪಾಡು ನೋಡಲಾಗದು. ಹಾಲಿನ ಸಂಘ, ಕೃಷಿ ಪತ್ತಿನ ಸಂಘದ ಸದಸ್ಯರಿಗೆ ಮತ್ತೆ ಜಾರಿಗೆ ಬಂದಿರುವ ಯಶಸ್ವಿನಿ ಇದೆ, ವರ್ಷಾವರ್ಷ ಹೆಸರು ನೋಂದಾಯಿಸಿದ್ದರೆ. ಶಾಲೆಗೆ ವರ್ಷಕ್ಕೊಮ್ಮೆ ಬರುವ ಆರ್.ಬಿ.ಎಸ್.ಕೆ. ವೈದ್ಯರ ತಂಡ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ, ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತದೆ. ಮೇಷ್ಟ್ರು ‘ಈ ಹುಡುಗ ಆಟಕ್ಕೆ ನಿಂತರೆ ಏದುಸಿರು ಬಿಡ್ತಾನೆ’ ಎಂದು ಒಂದು ಮಾತು ಹೇಳಿದರೆ ಅದಕ್ಕೆ ತೂಕವಿದೆ. 2023ರಿಂದ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆಯಿರುವುದರಿಂದ ತಾಯಿಯ ಬಸ್ ಚಾರ್ಜು ಉಳಿದಿದೆ, ಮಗನಿಗೆ ಮಾತ್ರ ಟಿಕೆಟ್ಟು.

ಚಿಕಿತ್ಸೆಗೆ ಊರಿನ ಗಡಿಯೇ ಅಡ್ಡಿಯಾದದ್ದೂ ಉಂಟು. 2016ರ ಕೊನೆಯಲ್ಲಿ ಪಾಟ್ನಾದ 18 ವರ್ಷದ ಹುಡುಗಿಯೊಬ್ಬಳ ತಂದೆ ದೆಹಲಿ ಹೈಕೋರ್ಟಿಗೆ ಹೋದರು. ಮಗಳಿಗೆ ಔಷಧಕ್ಕೆ ಬಗ್ಗದ ಕ್ಷಯ, ಬೇಕಾದ ಬೆಡಾಕ್ವಿಲಿನ್ ಆಗ ದೇಶದ ಬೆರಳೆಣಿಕೆಯ ಕೇಂದ್ರಗಳಲ್ಲಿ ಮಾತ್ರ. ದೆಹಲಿಯ ನಿವಾಸಿಯಲ್ಲ ಎಂಬುದೂ ಅವಳಿಗೆ ಅಡ್ಡಿಯಾಗಿತ್ತು. 2017ರ ಜನವರಿಯಲ್ಲಿ ಔಷಧಿ ಕೊಡಲು ಸರ್ಕಾರ ಒಪ್ಪಿತು, ಆ ಹೊತ್ತಿಗೆ ಶ್ವಾಸಕೋಶ ಬಹಳ ಕೆಟ್ಟಿತ್ತು. ಮುಂದಿನ ವರ್ಷ ಅವಳು ತೀರಿಕೊಂಡಳು. ಇಂದು ಬೆಡಾಕ್ವಿಲಿನ್ ಕ್ಷಯ ಕಾರ್ಯಕ್ರಮದಲ್ಲೇ ಉಚಿತ. ಮೈಸೂರಿನಲ್ಲಿ ಕ್ಷಯ ಪತ್ತೆಯಾದ ಕೆ.ಆರ್. ಪೇಟೆಯ ಹುಡುಗ ನಿಕ್ಷಯ್ ಐಡಿ ಹಿಡಿದು ತನ್ನೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಪಡೆಯಬಹುದು. ಮಂಡ್ಯಕ್ಕೊಂದು, ಮೈಸೂರಿಗೊಂದು ಎಂದು ಹೊಸ ಫೈಲು ತೆರೆಯಬೇಕಿಲ್ಲ.

ಹರೆಯದ ರೋಗಿಯೊಡನೆ ಮಾತಾಡುವುದೂ ಚಿಕಿತ್ಸೆಯೇ. ಡಾಕ್ಟರು ಹೇಳಿದ್ದೆಲ್ಲ ಅಪ್ಪನಿಗೆ, ಕೇಳಿದ್ದೆಲ್ಲ ಅಮ್ಮನಿಗೆ. ನಡುವೆ ಕೂತವನು ಮೂಕಬಸವ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹುಡುಗ ಹೆದರಿ, ಯಾರಿಗೂ ಹೇಳದೆ ಮಾತ್ರೆಯನ್ನು ಹಿತ್ತಿಲಿಗೆ ಎಸೆಯುತ್ತಾನೆ. ಹುಡುಗಿಯಾದರೆ ‘ಹೊರಗೆ ಗೊತ್ತಾದರೆ ಗಂಡು ಸಿಗಲ್ಲ’ ಎಂದು ಮನೆಯವರೇ ಆಶಾ ಕಾರ್ಯಕರ್ತೆಯನ್ನು ಬಾಗಿಲಿಂದಲೇ ಕಳಿಸುತ್ತಾರೆ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರ ಕಳೆದರೆ ಸಾಮಾನ್ಯ ಕ್ಷಯ ಬೇರೆಯವರಿಗೆ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ, ಡಾಕ್ಟರ ಒಪ್ಪಿಗೆಯೊಂದಿಗೆ ಶಾಲೆಗೆ ಹೋಗಬಹುದು. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮಾರ್ಚಿನದು ತಪ್ಪಿದರೆ ವರ್ಷವೇ ಹೋಯಿತೆಂದು ಚಿಕಿತ್ಸೆ ಮುಂದೂಡುವ ಕಾರಣ ಈಗ ಉಳಿದಿಲ್ಲ.

ಕೆಮ್ಮಿನೊಂದಿಗೆ ರಕ್ತ ಬಂದರೆ, ಕೂತಲ್ಲೇ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಇದ್ಯಾವ ಲೆಕ್ಕವೂ ಬೇಡ, 108ಕ್ಕೆ ಫೋನ್ ಮಾಡಿ. ಕ್ಷಯದ ಬಗ್ಗೆ ಕೇಳಲು ಸರ್ಕಾರದ ಉಚಿತ ಸಹಾಯವಾಣಿ 1800-11-6666. ಉಳಿದಂತೆ, ಮನೆಯಲ್ಲಿ ಬಿಡುವಿರುವ ಒಂದು ದಿನ ಸಾಕು. ಅಟ್ಟ ಹತ್ತಿ ಆ ಕವರು ಇಳಿಸಿ. ಫಿಲ್ಮಿನ ಮೂಲೆಯಲ್ಲಿ ತಾರೀಖಿದೆಯೇ ನೋಡಿ, ಇಲ್ಲದಿದ್ದರೆ ಕವರಿನ ಮೇಲೆ ನೆನಪಿದ್ದಷ್ಟು ಬರೆಯಿರಿ. ಮೊಬೈಲಿನಲ್ಲಿ ಫೋಟೊ ಇದೆಯಲ್ಲ ಎಂದು ಬಿಡಬೇಡಿ, ವಾಟ್ಸ್‌ಆ್ಯಪಿನಲ್ಲಿ ಮಸುಕಾದ ಚಿತ್ರ ತಜ್ಞರಿಗೆ ಸಾಲದು. ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಜೋಡಿಸಿ, ಮಡಿಸದೆ ಒಂದು ಚೀಲದಲ್ಲಿಟ್ಟು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ. ಗ್ರಹಣ ನೋಡಲು ಮಕ್ಕಳಿಗೆ ಸರಿಯಾದ ಕನ್ನಡಕ ಕೊಡಿಸಿ.